ಮೊಹಲ್ಲಾದ ಸುರಕ್ಷತೆ ಮತ್ತು ನಮ್ಮ ಮಕ್ಕಳ ಓದು

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಕೀಲರೊಬ್ಬರು ಮೈಸೂರಿನಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ವಿದ್ಯಾಸಂಘವೊಂದರ ಸಭೆಯಲ್ಲಿ ಕಳ್ಳತನ, ಸರಗಳವು, ಗಾಂಜಾ, ಪೊಲೀಸ್ ಠಾಣೆ ಇವುಗಳ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು ಇವು ನಮ್ಮ ಸಭೆಗಳ ವಾಡಿಕೆಯ ವಿಷಯಗಳು. ಆದರೆ ಒಂದು ಮಾತು ಯೋಚಿಸಿ ನೋಡಿ. ನಮ್ಮ ಮಗಳು ಕಾಲೇಜಿನಲ್ಲಿ ಎಷ್ಟೇ ಚೆನ್ನಾಗಿ ಓದಲಿ, ಬಸ್ ಸ್ಟಾಪಿನಿಂದ ಮನೆಯವರೆಗಿನ ಗಲ್ಲಿಯಲ್ಲಿ ಸಂಜೆ ಏಳು ಗಂಟೆಗೆ ನಡೆದು ಬರಲು ಅವಳಿಗೆ ಆಗುವುದಿಲ್ಲವೆಂದರೆ ಅವಳ ಓದು ಆ ಗಲ್ಲಿಯಲ್ಲೇ ನಿಂತುಹೋಗುತ್ತದೆ. ನಮ್ಮ ಮಗ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಗ್ಯಾರೇಜಿಗೆ ಸೇರಿದ ಮೇಲೆ ಅವನ ಸಂಜೆ ಯಾರ ಜೊತೆ ಕಳೆಯುತ್ತದೆ ಎಂಬುದು ಅವನ ಮುಂದಿನ ಇಪ್ಪತ್ತು ವರ್ಷಗಳನ್ನು ತೀರ್ಮಾನಿಸುತ್ತದೆ. ಆದ್ದರಿಂದ ಮೊಹಲ್ಲಾದ ಸುರಕ್ಷತೆ ಎಂಬುದು ವಿದ್ಯಾಭ್ಯಾಸದ ಪ್ರಶ್ನೆಯೇ ಆಗಿದೆ.

ಮೊದಲಿಗೆ 'ಮೊಹಲ್ಲಾ' ಎಂಬ ಪದವನ್ನೇ ತೆಗೆದುಕೊಳ್ಳೋಣ. ಇದು ಅರಬ್ಬಿ ಮೂಲದ ಪದ. ಬಂದು ಇಳಿದುಕೊಳ್ಳುವ ಜಾಗ, ತಂಗುವ ಜಾಗ ಎಂಬ ಅರ್ಥದಿಂದ ಬೆಳೆದದ್ದು. ಮೈಸೂರಿನ ವಿಶೇಷವೆಂದರೆ ಈ ಪದ ಇಲ್ಲಿ ಯಾವುದೋ ಒಂದು ಸಮುದಾಯದ ಬೀದಿಗೆ ಮಾತ್ರ ಅಂಟಿಕೊಂಡಿಲ್ಲ. ಕೃಷ್ಣರಾಜ ಮೊಹಲ್ಲಾ, ಚಾಮರಾಜ ಮೊಹಲ್ಲಾ, ದೇವರಾಜ ಮೊಹಲ್ಲಾ, ನರಸಿಂಹರಾಜ ಮೊಹಲ್ಲಾ ಹೀಗೆ ಒಡೆಯರ ಮನೆತನದ ಹೆಸರುಗಳ ಜೊತೆಗೆ ಇದು ಬೆರೆತುಹೋಗಿದೆ. ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾ, ನಜರ್‌ಬಾದ್ ಮೊಹಲ್ಲಾಗಳೂ ಇವೆ. ಅಂದರೆ ಅಕ್ಕಪಕ್ಕದಲ್ಲಿ ಇಳಿದುಕೊಂಡವರು ಒಬ್ಬರ ನೆಮ್ಮದಿಗೆ ಇನ್ನೊಬ್ಬರು ಹೊಣೆ ಎಂಬ ಭಾವನೆ ಈ ಊರಿನ ನಕ್ಷೆಯಲ್ಲಿಯೇ ಇದೆ. ನೆರೆಯವನ ಹಕ್ಕನ್ನು ಕುರಿತು ನಮ್ಮ ಹಿರಿಯರು ಹೇಳಿಕೊಟ್ಟ ಪಾಠವೂ ಇದೇ ಅಲ್ಲವೆ?

ಈಗ ಅಪರಾಧದ ಪ್ರಮಾಣದ ವಿಷಯಕ್ಕೆ ಬರೋಣ. 'ಆ ಏರಿಯಾದಲ್ಲಿ ಕ್ರೈಂ ಜಾಸ್ತಿ' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಉದಯಗಿರಿ, ಗೌಸಿಯಾನಗರ, ಶಾಂತಿನಗರ, ಕಲ್ಯಾಣಗಿರಿ, ರಾಜೀವನಗರ ಎಂದ ಕೂಡಲೇ ಕೆಲವರ ಮುಖಭಾವ ಬದಲಾಗುತ್ತದೆ. ಆದರೆ ಹೀಗೆ ಹೇಳುವವರು ಯಾವ ಲೆಕ್ಕ ನೋಡಿ ಹೇಳುತ್ತಾರೆ? ಬಹುಮಟ್ಟಿಗೆ ಯಾವ ಲೆಕ್ಕವನ್ನೂ ನೋಡಿರುವುದಿಲ್ಲ. ಇದಕ್ಕೆ ಉತ್ತರ ಕೊಡುವ ನಾವೂ ಲೆಕ್ಕ ನೋಡಿರುವುದಿಲ್ಲ. ಆದ್ದರಿಂದ ಲೆಕ್ಕ ಹೇಗೆ ಇಡುತ್ತಾರೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ದೇಶದ ಅಪರಾಧಗಳ ಲೆಕ್ಕವನ್ನು 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುತ್ತದೆ. ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಠಾಣೆಗಳಲ್ಲಿ ದಾಖಲಾದ ಪ್ರಕರಣಗಳನ್ನು. ಆ ಸಂಖ್ಯೆಯನ್ನು ಜನಸಂಖ್ಯೆಯಿಂದ ಭಾಗಿಸಿ ಒಂದು ಲಕ್ಷ ಜನರಿಗೆ ಎಷ್ಟು ಎಂದು ಹೇಳುವುದೇ ಅಪರಾಧ ದರ. ಇಡೀ ದೇಶದಲ್ಲಿ ಈ ದರ 2022ರಲ್ಲಿ 422.2 ಇದ್ದದ್ದು 2023ರಲ್ಲಿ 448.3 ಆಯಿತು. ಇದನ್ನು ನೋಡಿ ದೇಶ ಕೆಟ್ಟುಹೋಯಿತು ಎಂದು ಹೇಳಿಬಿಡುವುದು ಸುಲಭ. ಆದರೆ ಅಪರಾಧ ಹೆಚ್ಚಾಗುವುದು ಬೇರೆ, ಅಪರಾಧದ ದಾಖಲಾತಿ ಹೆಚ್ಚಾಗುವುದು ಬೇರೆ, ಎರಡನ್ನೂ ಒಂದೇ ಎಂದು ತಿಳಿಯಬಾರದು ಎಂದು ಬ್ಯೂರೋ ತಾನೇ ಎಚ್ಚರಿಸುತ್ತದೆ. ಕೇರಳದ ಅಪರಾಧ ದರ ಹಲವು ವರ್ಷಗಳಿಂದ ದೇಶದ ಸರಾಸರಿಗಿಂತ ಬಹಳ ಮೇಲಿದೆ. ಬಿಹಾರದ ದರ ಸರಾಸರಿಗಿಂತ ಕೆಳಗಿದೆ. ಹಾಗಾದರೆ ರಾತ್ರಿ ಹೊತ್ತು ಹೆಣ್ಣುಮಗಳೊಬ್ಬಳು ಓಡಾಡಲು ಕೇರಳಕ್ಕಿಂತ ಬಿಹಾರ ವಾಸಿಯೆಂದು ಯಾರಾದರೂ ಹೇಳುತ್ತಾರೆಯೆ? ಓದು ಬರಹ ಬಲ್ಲ ಜನ ದೂರು ಕೊಡುತ್ತಾರೆ, ಠಾಣೆಯವರು ಬರೆದುಕೊಳ್ಳುತ್ತಾರೆ, ಆದ್ದರಿಂದ ಸಂಖ್ಯೆ ಮೇಲೇರುತ್ತದೆ. ದೂರು ಕೊಡದ ಕಡೆ ಪುಸ್ತಕ ಖಾಲಿ ಇರುತ್ತದೆ, ಬೀದಿ ಮಾತ್ರ ಖಾಲಿ ಇರುವುದಿಲ್ಲ.

ಇನ್ನೊಂದು ವಿಷಯ. ಈ ದರ ದೇಶಕ್ಕೆ, ರಾಜ್ಯಕ್ಕೆ, ದೊಡ್ಡ ನಗರಕ್ಕೆ ಸರಿಹೊಂದುವ ಅಳತೆ. ಒಂದು ಬಡಾವಣೆಗೆ ಅದನ್ನು ಹಾಗೇ ಹಚ್ಚಿದರೆ ತಪ್ಪು ದಾರಿಗೆ ಹೋಗುತ್ತೇವೆ. 2011ರ ಜನಗಣತಿಯ ಪ್ರಕಾರ ಮೈಸೂರು ನಗರದ ಜನಸಂಖ್ಯೆ ಸುಮಾರು 9 ಲಕ್ಷ. ಪಾಲಿಕೆಯ 65 ವಾರ್ಡುಗಳಿಗೆ ಹಂಚಿದರೆ ಒಂದು ವಾರ್ಡಿಗೆ ಸರಾಸರಿ ಸುಮಾರು 14 ಸಾವಿರ ಜನ. ಅಂಥ ವಾರ್ಡಿನಲ್ಲಿ ಒಂದು ವರ್ಷ ಮೂರು ಮನೆಗಳ್ಳತನವಾಗಿ, ಮರುವರ್ಷ ಆರು ಆದರೆ 'ಕಳ್ಳತನ ಶೇಕಡಾ 100ರಷ್ಟು ಏರಿಕೆ' ಎಂದು ಬರೆಯಬಹುದು. ಬರೆದದ್ದು ಸುಳ್ಳಲ್ಲ. ಆದರೆ ಒಬ್ಬನೇ ಕಳ್ಳ ಒಂದೇ ವಾರದಲ್ಲಿ ಮೂರು ಬೀಗ ಮುರಿದಿರಬಹುದು. ಆದ್ದರಿಂದ ಬಡಾವಣೆಯ ವಿಷಯದಲ್ಲಿ ಶೇಕಡಾವಾರು ಲೆಕ್ಕಕ್ಕಿಂತ ಯಾವ ಬೀದಿ, ಯಾವ ಹೊತ್ತು, ಯಾವ ರೀತಿಯ ಅಪರಾಧ ಎಂಬ ಮೂರು ಪ್ರಶ್ನೆಗಳು ಮುಖ್ಯ.

ಅಪರಾಧ ಒಂದು ಬಡಾವಣೆಯ ಸೊತ್ತಲ್ಲ ಎಂಬುದಕ್ಕೆ ಮೈಸೂರಿಗರು ದೂರದ ಉದಾಹರಣೆ ಹುಡುಕಬೇಕಾಗಿಲ್ಲ. 2021ರ ಆಗಸ್ಟ್ 23ರಂದು ವಿದ್ಯಾರಣ್ಯಪುರದ ಚಿನ್ನದಂಗಡಿಯೊಂದರಲ್ಲಿ ದರೋಡೆ ನಡೆದು, ಅಂಗಡಿಗೆ ಬಂದಿದ್ದ ಯುವಕನೊಬ್ಬ ಗುಂಡಿಗೆ ಬಲಿಯಾದ. ಮರುದಿನ ಸಂಜೆ ಚಾಮುಂಡಿ ಬೆಟ್ಟದ ತಪ್ಪಲಿನ ಲಲಿತಾದ್ರಿಪುರದ ಬಳಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಶಾಂತ ನಗರ, ನಿವೃತ್ತರ ನಗರ ಎಂದು ಹೆಸರಾದ ಊರು ಎರಡೇ ದಿನಗಳಲ್ಲಿ ಬೆಚ್ಚಿಬಿದ್ದಿತು. ಹಾಗೆಂದು ಆ ಬಡಾವಣೆಗಳ ಜನರೆಲ್ಲ ಕೆಟ್ಟವರೆಂದು ಯಾರೂ ಹೇಳಲಿಲ್ಲ, ಹೇಳಲೂಬಾರದು. ಅದೇ ನ್ಯಾಯವನ್ನು ನಮ್ಮ ಬಡಾವಣೆಗಳಿಗೂ ಕೊಡಿ ಎಂದು ಕೇಳುವ ಹಕ್ಕು ನಮಗಿದೆ.

ಆ ಘಟನೆಯ ನಂತರ ನಡೆದ ಇನ್ನೊಂದು ಸಂಗತಿಯನ್ನು ಇಲ್ಲಿರುವ ವಿದ್ಯಾರ್ಥಿನಿಯರು ನೆನಪಿಡಬೇಕು. ಸಂಜೆ 6.30ರ ನಂತರ ಮಾನಸಗಂಗೋತ್ರಿ ಆವರಣದಲ್ಲಿ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡಬಾರದೆಂದು ಮೈಸೂರು ವಿಶ್ವವಿದ್ಯಾನಿಲಯ ಸುತ್ತೋಲೆ ಹೊರಡಿಸಿತು. ವ್ಯಾಪಕ ಟೀಕೆ ಬಂದ ಮೇಲೆ ಅದನ್ನು ಹಿಂದೆ ತೆಗೆದುಕೊಂಡಿತು. ಸುತ್ತೋಲೆ ಹೊರಡಿಸಿದವರ ಉದ್ದೇಶ ಕೆಟ್ಟದ್ದಿರಲಿಲ್ಲ. ಆದರೆ ತಪ್ಪು ಮಾಡಿದವನು ಒಬ್ಬ, ಬಾಗಿಲು ಮುಚ್ಚಿದ್ದು ಇನ್ನೊಬ್ಬರಿಗೆ. ವಿಶ್ವವಿದ್ಯಾನಿಲಯವನ್ನು ಟೀಕಿಸುವುದು ಸುಲಭ. ನಮ್ಮ ಮನೆಗಳಲ್ಲಿ ಇಂಥ ಸುತ್ತೋಲೆ ಬರಹದಲ್ಲಿ ಇಲ್ಲದಿದ್ದರೂ ದಿನವೂ ಜಾರಿಯಲ್ಲಿದೆ. 'ಬೀದಿ ಸರಿಯಿಲ್ಲ, ಟ್ಯೂಷನ್ ಬೇಡ', 'ಕತ್ತಲಾಗುತ್ತದೆ, ಲ್ಯಾಬ್ ಇರುವ ಕೋರ್ಸ್ ಬೇಡ'. ಬೀದಿಯನ್ನು ಸರಿಮಾಡುವ ಕೆಲಸ ಕಷ್ಟ, ಹುಡುಗಿಯನ್ನು ತಡೆಯುವ ಕೆಲಸ ಸುಲಭ. ನಾವು ಸುಲಭದ್ದನ್ನು ಆರಿಸಿಕೊಂಡಿದ್ದೇವೆ.

ವಕೀಲಿ ವೃತ್ತಿಯಲ್ಲಿರುವುದರಿಂದ ಜನ ನನ್ನ ಬಳಿ ಬರುತ್ತಾರೆ. ಒಮ್ಮೆ ಅಗರಬತ್ತಿ ಹೊಸೆದು ಸಂಸಾರ ನಡೆಸುವ ತಾಯಿಯೊಬ್ಬರು ಬೇರೇನೋ ಕಾಗದದ ಕೆಲಸಕ್ಕೆ ಬಂದಿದ್ದರು. ಮಾತಿನ ನಡುವೆ, ಪಿಯುಸಿ ಓದುತ್ತಿದ್ದ ಮಗಳ ಕೈಯಿಂದ ಬೈಕಿನಲ್ಲಿ ಬಂದ ಇಬ್ಬರು ಫೋನು ಕಿತ್ತುಕೊಂಡು ಹೋದ ವಿಷಯ ಹೇಳಿದರು. 'ಕಂಪ್ಲೇಂಟ್ ಕೊಟ್ಟಿರಾ ಅಮ್ಮ?' ಎಂದು ಕೇಳಿದೆ. 'ಇಲ್ಲ ಸಾಬ್, ಹೆಣ್ಣುಮಗಳ ಹೆಸರು ಸ್ಟೇಷನ್ನಿನಲ್ಲಿ ಯಾಕೆ? ಫೋನು ಹೋದರೆ ಹೋಯಿತು' ಎಂದರು. ಮಗಳು ಈಗ ಏನು ಓದುತ್ತಿದ್ದಾಳೆ ಎಂದು ಕೇಳಿದಾಗ, 'ಅವತ್ತಿನಿಂದ ಅವಳ ಅಪ್ಪ ಕಳಿಸಲಿಲ್ಲ, ಮನೆಯಲ್ಲೇ ಇದ್ದಾಳೆ, ನನ್ನ ಜೊತೆ ಬತ್ತಿ ಹೊಸೆಯುತ್ತಾಳೆ' ಎಂದರು.

ಸ್ನೇಹಿತರೆ, ಇದನ್ನು ಲೆಕ್ಕದ ಕಣ್ಣಿನಿಂದ ನೋಡಿ. ಠಾಣೆಯ ಪುಸ್ತಕದ ಪ್ರಕಾರ ಆ ಬೀದಿಯಲ್ಲಿ ಏನೂ ನಡೆದಿಲ್ಲ. ಏನೂ ನಡೆದಿಲ್ಲವಾದ್ದರಿಂದ ಅಲ್ಲಿಗೆ ಗಸ್ತು ಬೇಕಿಲ್ಲ, ದೀಪ ಬೇಕಿಲ್ಲ. ಫೋನು ಕಿತ್ತವರು ಮತ್ತೆ ಅದೇ ಬೀದಿಗೆ ಬರುತ್ತಾರೆ, ಏಕೆಂದರೆ ಅಲ್ಲಿನವರು ದೂರು ಕೊಡುವುದಿಲ್ಲವೆಂದು ಅವರಿಗೆ ಗೊತ್ತು. ಒಂದು ಫೋನಿನ ಬೆಲೆ ಹತ್ತು ಸಾವಿರ ಇರಬಹುದು. ಆ ಹುಡುಗಿಯ ಓದಿನ ಬೆಲೆ ಎಷ್ಟು?

ಠಾಣೆಗೆ ಹೋಗಲು ನಮ್ಮ ಜನ ಹಿಂಜರಿಯುವುದಕ್ಕೆ ಕಾರಣಗಳಿಲ್ಲ ಎಂದು ನಾನು ಹೇಳುವುದಿಲ್ಲ. 2006ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ರಾಜೇಂದರ್ ಸಾಚಾರ್ ಸಮಿತಿಯ ಮುಂದೆ ಜನರು ತಮ್ಮ ಬಡಾವಣೆಗಳಲ್ಲಿ ಶಾಲೆ, ಆಸ್ಪತ್ರೆ, ಬ್ಯಾಂಕುಗಳಿಗಿಂತ ಪೊಲೀಸರೇ ಹೆಚ್ಚು ಕಾಣುತ್ತಾರೆ ಎಂದು ಹೇಳಿಕೊಂಡರು. ಮುಸ್ಲಿಮರು ಹೆಚ್ಚಾಗಿರುವ ಪ್ರದೇಶದ ಠಾಣೆಗಳಲ್ಲಿ ಆ ಸಮುದಾಯದ ಅಧಿಕಾರಿಯೊಬ್ಬರಾದರೂ ಇರಲಿ ಎಂಬ ಸಲಹೆಯೂ ಆ ವರದಿಯಲ್ಲಿದೆ. ಅಪನಂಬಿಕೆ ಎರಡು ಕಡೆಯೂ ಇದೆ. ಆದರೆ ಅಪನಂಬಿಕೆಯ ಲಾಭ ಪಡೆಯುವವನು ಮೂರನೆಯವನು. ಅವನು ಕಳ್ಳ, ಗಾಂಜಾ ಮಾರುವವನು, ಗಲಭೆ ಎಬ್ಬಿಸುವವನು.

ಗಲಭೆಯ ಮಾತು ಬಂದದ್ದರಿಂದ ಎರಡು ದಿನಗಳನ್ನು ನೆನಪಿಸಬೇಕು. 2009ರ ಜುಲೈನಲ್ಲಿ ಕ್ಯಾತಮಾರನಹಳ್ಳಿಯಲ್ಲಿ ಪ್ರಾರ್ಥನಾ ಸ್ಥಳವೊಂದರ ಬಳಿ ಕಿಡಿಗೇಡಿಗಳು ಮಾಡಿದ ಕೃತ್ಯದಿಂದ ಗಲಭೆ ಹತ್ತಿಕೊಂಡಿತು, ಪ್ರಾಣಹಾನಿಯಾಯಿತು, ನಗರದ ಹಲವು ಭಾಗಗಳಲ್ಲಿ ಕರ್ಫ್ಯೂ ಬಿತ್ತು. 2025ರ ಫೆಬ್ರವರಿ 10ರ ರಾತ್ರಿ ಸಾಮಾಜಿಕ ಜಾಲತಾಣದ ಅವಹೇಳನಕಾರಿ ಪೋಸ್ಟ್ ಒಂದರ ವಿಷಯವಾಗಿ ಉದಯಗಿರಿ ಠಾಣೆಯ ಮುಂದೆ ಜನ ಸೇರಿದರು. ಪೋಸ್ಟ್ ಹಾಕಿದವನನ್ನು ಪೊಲೀಸರು ಆಗಲೇ ವಶಕ್ಕೆ ತೆಗೆದುಕೊಂಡಿದ್ದರು. ಕಾನೂನಿನ ಕೆಲಸ ಆರಂಭವಾಗಿತ್ತು. ಆದರೂ ಕಲ್ಲುಗಳು ಹಾರಿದವು, ಪೊಲೀಸರು ಗಾಯಗೊಂಡರು, ವಾಹನಗಳು ಜಖಂಗೊಂಡವು, ಅಶ್ರುವಾಯು ಸಿಡಿಯಿತು. ಮುಂದೆ ಬಂಧನಗಳಾದವು. ಪೋಸ್ಟ್ ನೋಡಿ ಮನಸ್ಸು ನೊಂದದ್ದು ಸಹಜ. ದೂರು ಬರೆದುಕೊಡಲು ಐದು ಜನ ಹೋಗಿದ್ದರೆ ಸಾಕಾಗಿತ್ತು. ಇಂಥ ಪ್ರಕರಣಗಳಲ್ಲಿ ಹೆಸರು ಸೇರಿದ ಯುವಕನಿಗೆ ವರ್ಷಗಟ್ಟಲೆ ಕೋರ್ಟಿನ ತಾರೀಖು, ಜಾಮೀನಿನ ಷರತ್ತು, ಪಾಸ್‌ಪೋರ್ಟಿನ ತೊಂದರೆ, ಸರ್ಕಾರಿ ಕೆಲಸಕ್ಕೆ ಪೊಲೀಸ್ ಪರಿಶೀಲನೆಯ ತೊಡಕು. ಕಲ್ಲು ಎಸೆಯಲು ಒಂದು ಕ್ಷಣ ಸಾಕು, ಅದರ ಕೇಸು ನಡೆಸಲು ತಾಯಿಯ ಬಳೆ ಮಾರಬೇಕಾಗುತ್ತದೆ. ನಮ್ಮ ಮೊಹಲ್ಲಾಕ್ಕೆ 'ಸೂಕ್ಷ್ಮ ಪ್ರದೇಶ' ಎಂಬ ಹಣೆಪಟ್ಟಿ ಗಟ್ಟಿಯಾಗುವುದು ಇಂಥ ರಾತ್ರಿಗಳಿಂದಲೇ.

ಠಾಣೆಯ ಜೊತೆ ಸಂಬಂಧ ಹೇಗಿರಬೇಕು ಎಂಬುದಕ್ಕೆ ಒಂದು ನಿಜವಾದ ಉದಾಹರಣೆ ಮಹಾರಾಷ್ಟ್ರದಲ್ಲಿದೆ. ಮುಂಬೈಗೆ ಹತ್ತಿರದ ಭಿವಂಡಿ ಮಗ್ಗಗಳ ಊರು. 1970ರಲ್ಲಿ ಮತ್ತು 1984ರಲ್ಲಿ ಅಲ್ಲಿ ಭೀಕರ ಗಲಭೆಗಳಾದವು. 1988ರಲ್ಲಿ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆಯವರು ಪ್ರತಿ ಪ್ರದೇಶಕ್ಕೂ ಮೊಹಲ್ಲಾ ಸಮಿತಿ ಕಟ್ಟಿಸಿದರು. ಹಿಂದೂಗಳು, ಮುಸ್ಲಿಮರು ಸಮನಾಗಿ ಇರುವ ಸಮಿತಿಗಳು. ಗಲಭೆಯಾದಾಗ ಶಾಂತಿಸಭೆ ಕರೆಯುವ ಸಮಿತಿಗಳಲ್ಲ, ಏನೂ ನಡೆಯದ ದಿನಗಳಲ್ಲಿ ಕೂಡುವ ಸಮಿತಿಗಳು. ಬೀಟ್ ಪೊಲೀಸಿನವನು ಅಲ್ಲಿ ಕುಳಿತು ನೆರೆಹೊರೆಯ ಸಣ್ಣಪುಟ್ಟ ಜಗಳಗಳ ಮಾತು ಕೇಳುತ್ತಿದ್ದ. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬೈ ಉರಿಯಿತು, ಸುಮಾರು 900 ಜನ ಸತ್ತರು. ಭಿವಂಡಿ ಶಾಂತವಾಗಿ ಉಳಿಯಿತು. ಆ ಅನುಭವ ನೋಡಿಯೇ ಮುಂದೆ ಮುಂಬೈಯಲ್ಲೂ ಜೂಲಿಯೋ ರಿಬೇರೊ, ಸತೀಶ್ ಸಾಹ್ನಿ ಮುಂತಾದ ಹಿರಿಯ ಪೊಲೀಸ್ ಅಧಿಕಾರಿಗಳು ನಾಗರಿಕರ ಜೊತೆ ಸೇರಿ ಮೊಹಲ್ಲಾ ಸಮಿತಿಗಳನ್ನು ಬೆಳೆಸಿದರು. ಏನೂ ಆಗದ ದಿನ ಪರಿಚಯವಾಗಿದ್ದರೆ, ಏನೋ ಆಗುವ ದಿನ ಒಂದು ಫೋನ್ ಕರೆ ಸಾಕಾಗುತ್ತದೆ.

ನಮ್ಮ ರಾಜ್ಯದಲ್ಲಿಯೂ ದಾರಿ ಇದೆ. 2017ರಿಂದ ಬೀಟ್ ವ್ಯವಸ್ಥೆಯನ್ನು ಬದಲಾಯಿಸಿ ಒಂದೊಂದು ಚಿಕ್ಕ ಪ್ರದೇಶಕ್ಕೂ ಒಬ್ಬ ಸಿಬ್ಬಂದಿಯನ್ನು ಹೊಣೆ ಮಾಡಲಾಯಿತು. 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮ ಆರಂಭವಾಯಿತು. ನಲವತ್ತು ಐವತ್ತು ಮನೆಗಳ ಗುಂಪು ಮಾಡಿ, ಬೀಟ್ ಸಿಬ್ಬಂದಿ ಮನೆಗೆ ಬಂದು ಅಹವಾಲು ಕೇಳಬೇಕು ಎಂಬುದು ಅದರ ಆಶಯ. ಅವರು ಬಂದಾಗ ಬಾಗಿಲ ಸಂದಿಯಿಂದ 'ಮನೆಯಲ್ಲಿ ಗಂಡಸರಿಲ್ಲ' ಎಂದು ಕಳಿಸಿಬಿಡಬೇಡಿ. ಬೀಟ್ ಸಿಬ್ಬಂದಿಯ ಹೆಸರು, ಫೋನ್ ನಂಬರು ಬರೆದಿಟ್ಟುಕೊಳ್ಳಿ. ಅವರು ಬರಲೇ ಇಲ್ಲವೆಂದರೆ ಠಾಣೆಗೆ ಹೋಗಿ ನಮ್ಮ ಬೀಟಿಗೆ ಯಾರು ಎಂದು ಕೇಳಿ. ಅದು ನಿಮ್ಮ ಹಕ್ಕು.

ಹಕ್ಕಿನ ಮಾತು ಬಂದಾಗ ಕಾನೂನಿನ ನಾಲ್ಕು ವಿಷಯ ಹೇಳುತ್ತೇನೆ. 2024ರ ಜುಲೈ 1ರಿಂದ ಹೊಸ ಕಾನೂನುಗಳು ಜಾರಿಯಲ್ಲಿವೆ. ಒಂದು, ಕಿತ್ತುಕೊಂಡು ಓಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮು ಪ್ರತ್ಯೇಕ ಅಪರಾಧ ಎಂದು ಗುರುತಿಸಿದೆ, ಮೂರು ವರ್ಷದವರೆಗೆ ಶಿಕ್ಷೆ ಇದೆ. ಎರಡು, ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇ-ಮೇಲ್ ಮುಂತಾದ ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಿ ಮೂರು ದಿನದೊಳಗೆ ಸಹಿ ಹಾಕಬಹುದು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಮೂರು, ಸಾಕ್ಷಿಯ ವಿಚಾರಣೆಗಾಗಿ ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಹಿರಿಯರನ್ನು ಠಾಣೆಗೆ ಬರಲೇಬೇಕೆಂದು ಹೇಳುವಂತಿಲ್ಲ, ಅವರ ಮನೆಯಲ್ಲಿಯೇ ವಿಚಾರಿಸಬೇಕು. ನಾಲ್ಕು, ದೂರು ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಗಳಿಗೆ ಲಿಖಿತವಾಗಿ ಕಳಿಸಿ, ಆಮೇಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ. ತುರ್ತು ಸಂದರ್ಭಕ್ಕೆ 112, ಆನ್‌ಲೈನ್ ಹಣದ ವಂಚನೆಗೆ 1930. ವಂಚನೆಯಾದ ಮೊದಲ ಗಂಟೆಯಲ್ಲೇ ಕರೆ ಮಾಡಿದರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಇಲ್ಲಿ ಯುವಕರಿಗೆ ಒಂದು ಎಚ್ಚರಿಕೆ. 'ನಿನ್ನ ಬ್ಯಾಂಕ್ ಖಾತೆ, ಸಿಮ್ ಕೊಡು, ತಿಂಗಳಿಗೆ ಇಷ್ಟು ಕಮಿಷನ್ ಕೊಡುತ್ತೇನೆ' ಎಂದು ಯಾರಾದರೂ ಹೇಳಿದರೆ ದೂರ ಇರಿ. ಎಲ್ಲೋ ದೂರದ ಊರಿನ ಮುದುಕರೊಬ್ಬರಿಗೆ ಮೋಸ ಮಾಡಿದ ಹಣ ನಿಮ್ಮ ಖಾತೆಯ ಮೂಲಕ ಹಾದುಹೋಗುತ್ತದೆ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆಯಲ್ಲಿ ಹೆಸರಿರುವವನನ್ನು.

ಇನ್ನು ಮಾದಕ ವಸ್ತುವಿನ ಪಿಡುಗು. 2025ರ ಜುಲೈ ಕೊನೆಯಲ್ಲಿ ಮುಂಬೈಯ ಸಾಕಿನಾಕಾ ಪೊಲೀಸರು ಮೈಸೂರಿಗೆ ಬಂದು, ರಿಂಗ್ ರಸ್ತೆಯ ಬಳಿಯ ಶೆಡ್ಡಿನಲ್ಲಿ ಮಾದಕ ವಸ್ತು ತಯಾರಿಸುತ್ತಿದ್ದುದನ್ನು ಪತ್ತೆಹಚ್ಚಿದರು. ನೂರಾರು ಕೋಟಿ ರೂಪಾಯಿ ಬೆಲೆಯ ಸರಕು ಎಂದು ಪತ್ರಿಕೆಗಳೆಲ್ಲ ಬರೆದವು. ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ಪೊಲೀಸರು ಬಂದು ಹೇಳುವವರೆಗೆ ನಮ್ಮೂರಿನಲ್ಲಿ ಏನು ನಡೆಯುತ್ತಿದೆ ಎಂಬುದು ನಮಗೆ ತಿಳಿಯಲಿಲ್ಲ. ಶೆಡ್ಡು, ಗೋಡೌನು, ಮನೆ ಬಾಡಿಗೆಗೆ ಕೊಡುವವರು ಮುಂಗಡದ ಹಣ ಎಣಿಸುವಾಗ ತೋರಿಸುವ ಶ್ರದ್ಧೆಯನ್ನು ಬಾಡಿಗೆದಾರ ಯಾರು, ಏನು ಕೆಲಸ ಎಂದು ವಿಚಾರಿಸುವಾಗಲೂ ತೋರಿಸಬೇಕು.

ಮನೆಯಲ್ಲಿ ಮಗನೊಬ್ಬ ಈ ಚಟಕ್ಕೆ ಬಿದ್ದಿದ್ದರೆ ಮಾನ ಹೋಗುತ್ತದೆ ಎಂದು ಮುಚ್ಚಿಡುವವರು ಬಹಳ. ಮಾದಕ ವಸ್ತು ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿರುವ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರ್ಣಗೊಳಿಸಿದರೆ ಶಿಕ್ಷೆಯ ಕ್ರಮದಿಂದ ರಕ್ಷಣೆ ಪಡೆಯಬಹುದು. ವ್ಯಸನಮುಕ್ತಿಗೆ ಸಲಹೆ ಕೊಡುವ 14446 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಮಾರುವವರ ಬಗ್ಗೆ ಮಾಹಿತಿ ಕೊಡಲು 1933 ಇದೆ. ಮಕ್ಕಳಿಗೆ ಮಾದಕ ವಸ್ತು ಅಥವಾ ತಂಬಾಕು ಕೊಡುವವನಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಂತೆ ಏಳು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷದವರೆಗೆ ದಂಡ ಇದೆ. ಶಾಲೆಯ ಹತ್ತಿರದ ಗೂಡಂಗಡಿಯಲ್ಲಿ ಏನು ಮಾರಾಟವಾಗುತ್ತಿದೆ ಎಂದು ನೋಡುವ ಕೆಲಸವನ್ನು ಶಾಲೆಯ ಆಡಳಿತ ಮಂಡಳಿ ಮತ್ತು ಪೋಷಕರು ಮಾಡದೆ ಇನ್ನಾರು ಮಾಡಬೇಕು?

ಕೊನೆಯದಾಗಿ, ನಮ್ಮ ಸಂಘ ಏನು ಮಾಡಬಹುದು ಎಂಬುದನ್ನು ಹೇಳುತ್ತೇನೆ. ದೊಡ್ಡ ಹಣ ಬೇಡುವ ಯೋಜನೆ ಯಾವುದೂ ಇದರಲ್ಲಿಲ್ಲ.

ಮೊದಲನೆಯದು, ಕತ್ತಲೆಯ ಪಟ್ಟಿ. ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಎರಡು ಸಂಜೆ ಬೀದಿ ಬೀದಿ ನಡೆದು, ಯಾವ ಕಂಬದ ದೀಪ ಉರಿಯುತ್ತಿಲ್ಲ ಎಂದು ಕಂಬದ ನಂಬರಿನ ಸಮೇತ ಬರೆಯಲಿ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು. ಕಾರ್ಪೊರೇಟರ ಮನೆ ಬಾಗಿಲಿಗೆ ಹೋಗುವ ಅಭ್ಯಾಸಕ್ಕಿಂತ ವಲಯ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವ ಅಭ್ಯಾಸ ಹೆಚ್ಚು ಬಾಳಿಕೆಯದು. ಹುಡುಗಿಯರನ್ನು ಕೇಳಿ ಈ ಪಟ್ಟಿ ಮಾಡಬೇಕು. ಯಾವ ತಿರುವಿನಲ್ಲಿ ಭಯವಾಗುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಇಂಜಿನಿಯರಿಗೂ ಗೊತ್ತಿರುವುದಿಲ್ಲ.

ಎರಡನೆಯದು, ಲೆಕ್ಕದ ಪುಸ್ತಕ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ನಮ್ಮ ಠಾಣೆಯಲ್ಲಿ ತಿಂಗಳುವಾರು ಎಷ್ಟು ಮನೆಗಳ್ಳತನ, ಎಷ್ಟು ವಾಹನ ಕಳವು, ಎಷ್ಟು ಸರಗಳವು ದಾಖಲಾಗಿದೆ ಎಂದು ಕೇಳಬಹುದು. ಯಾರ ಹೆಸರೂ ಬೇಕಾಗಿಲ್ಲ, ಸಂಖ್ಯೆ ಸಾಕು. 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕು. ಪ್ರತಿವರ್ಷ ಇದೇ ಸಂಚಿಕೆಯಲ್ಲಿ ಆ ಲೆಕ್ಕವನ್ನು ಪ್ರಕಟಿಸೋಣ. ನಮ್ಮ ಪ್ರಯತ್ನದಿಂದ ಮೊದಲ ವರ್ಷ ದೂರುಗಳು ಹೆಚ್ಚಾಗಿ ದರ ಮೇಲೇರಿದರೆ ಯಾರೂ ಗಾಬರಿಯಾಗಬೇಕಿಲ್ಲ. ಮುಚ್ಚಿಟ್ಟದ್ದು ಹೊರಗೆ ಬಂದಿದೆ ಎಂದು ತಿಳಿಯೋಣ.

ಮೂರನೆಯದು, ಶಾಲೆ ಬಿಟ್ಟ ಹುಡುಗರ ಪಟ್ಟಿ. ಪ್ರತಿ ಜೂನ್‌ನಲ್ಲಿ ನಮ್ಮ ಶಾಲೆಗಳಿಂದ ಯಾರು ಮರಳಿ ಬರಲಿಲ್ಲ ಎಂದು ನೋಡಿ, ಅವರ ಮನೆಗೆ ಇಬ್ಬರು ಹೋಗಿ ಮಾತಾಡಿಸಬೇಕು. ಪೂರಕ ಪರೀಕ್ಷೆ, ಐಟಿಐ, ಮುಕ್ತ ಶಾಲೆ ಯಾವುದಾದರೊಂದು ದಾರಿ ತೋರಿಸಬೇಕು. ಬಿಟ್ಟ ತಿಂಗಳಲ್ಲಿ ಹಿಡಿದರೆ ಹುಡುಗ ಸಿಗುತ್ತಾನೆ, ವರ್ಷದ ನಂತರ ಬೀದಿಯೇ ಅವನನ್ನು ಹಿಡಿದಿರುತ್ತದೆ.

ನಾಲ್ಕನೆಯದು, ಪೊಲೀಸರ ಪರಿಚಯ ಮಕ್ಕಳಿಂದ ಶುರುವಾಗಲಿ. ಠಾಣೆಗೆ ಶಾಲಾ ಮಕ್ಕಳನ್ನು ಕರೆದು ತೋರಿಸುವ 'ತೆರೆದ ಮನೆ' ಕಾರ್ಯಕ್ರಮ ಕರ್ನಾಟಕದಲ್ಲಿದೆ. 2010ರಲ್ಲಿ ಕೇರಳದಲ್ಲಿ ಆರಂಭವಾಗಿ 2018ರಲ್ಲಿ ದೇಶದಾದ್ಯಂತ ವಿಸ್ತರಿಸಿದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆಯೂ ಇದೆ. ಸ್ಟೇಷನ್ ಎಂದರೆ ಹೆದರುವ ತಾಯಿಯ ಮಗಳು ಖಾಕಿ ತೊಟ್ಟ ಅಧಿಕಾರಿಯಾಗುವ ಕನಸನ್ನು ಕಾಣಲಿ. ಸಾಚಾರ್ ವರದಿಯ ಸಲಹೆ ಸರ್ಕಾರದ ಆದೇಶದಿಂದ ಮಾತ್ರ ಜಾರಿಯಾಗುವುದಿಲ್ಲ, ನಮ್ಮ ಮಕ್ಕಳು ಪಿ.ಎಸ್.ಐ. ಪರೀಕ್ಷೆ ಬರೆದರೆ ತಾನೇ ಜಾರಿಯಾಗುತ್ತದೆ.

ಐದನೆಯದು, ಜಮಾತಿನ ಹಿರಿಯರು, ಪಕ್ಕದ ಬೀದಿಯ ದೇವಸ್ಥಾನ ಸಮಿತಿಯವರು, ಚರ್ಚಿನವರು, ಅಂಗಡಿಯವರು ಎರಡು ತಿಂಗಳಿಗೊಮ್ಮೆ ಬೀಟ್ ಸಿಬ್ಬಂದಿಯ ಜೊತೆ ಒಂದು ಗಂಟೆ ಕೂಡಲಿ. ಅದರಲ್ಲಿ ಹೆಂಗಸರಿಗೂ ಕುರ್ಚಿ ಇರಲಿ. ಹಬ್ಬ ಬಂದಾಗ ಮಾತ್ರ ನಡೆಯುವ ಶಾಂತಿಸಭೆ ಸಾಲದು.

ಈ ಐದರಲ್ಲಿ ಯಾವುದೂ ಒಂದೇ ದಿನದಲ್ಲಿ ಫಲ ಕೊಡುವುದಿಲ್ಲ. ಆದರೆ ಎಲ್ಲವೂ ನಮ್ಮ ಕೈಯಲ್ಲಿವೆ. ನಮ್ಮ ಮೊಹಲ್ಲಾದ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಬೇಸರಪಡುತ್ತಾ ಬಹಳ ವರ್ಷ ಕಳೆದೆವು. ಇನ್ನು ಮುಂದೆ ನಮ್ಮ ಬೀದಿಯ ಲೆಕ್ಕವನ್ನು ನಾವೇ ಇಡೋಣ, ನಮ್ಮ ದೂರನ್ನು ನಾವೇ ಕೊಡೋಣ, ನಮ್ಮ ದೀಪವನ್ನು ನಾವೇ ಕೇಳಿ ಹಾಕಿಸಿಕೊಳ್ಳೋಣ. ಆಗ ಸಂಜೆ ಏಳರ ನಂತರವೂ ಲೈಬ್ರರಿಯಲ್ಲಿ ಕೂತು ಓದುವ ಹುಡುಗಿಯರ ಸಂಖ್ಯೆ ಹೆಚ್ಚುತ್ತದೆ. ಮೊಹಲ್ಲಾ ಸುರಕ್ಷಿತವಾಗಿದೆಯೆ ಎಂದು ತಿಳಿಯಲು ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ಅಂಕಿ ಅಂಶ ಬೇರೆ ಇಲ್ಲ.